ಇಲ್ಲದ ದೀಪಕ್ಕೆ ಇಪ್ಪತ್ಮೂರು ಸೆಕೆಂಡು

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಅತ್ತಿಗೆಗೆ, ಅವರ ಮಗಳಿಗೆ — ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಹದಿನಾಲ್ಕು ವರ್ಷ ಆಫೀಸಿನ ಒಂದೇ ಮೇಜಿನ ಆ ಕಡೆ, ಹಾರ ಹಾಕಿದ ಆ ಫೋಟೋದಲ್ಲಿರುವ ಅಣ್ಣ, ಈ ಕಡೆ ನಾನು. ಅವರ ಹೃದಯ ಹೀಗೆ ಹೇಳದೆ ಕೇಳದೆ ನಿಂತುಬಿಡುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನನಗಿಂತ ಮೊದಲು ಮಾತಾಡಿದ ಮೂವರು ದೊಡ್ಡವರೂ ಅವರನ್ನು ಸಂಸ್ಥೆಯ ಬೆನ್ನೆಲುಬು ಅಂದರು. ನನಗೆ ನಗು ಬಂತು, ಕ್ಷಮಿಸಿ. ಹೋದ ತಿಂಗಳವರೆಗೂ ಈ ಬೆನ್ನೆಲುಬಿಗೆ ನೀವು ಇಟ್ಟಿದ್ದ ಹೆಸರೇನು? ತಕರಾರಪ್ಪ. "ತಕರಾರಪ್ಪ ಬಂದ, ಬಾಗಿಲು ಹಾಕ್ರೋ" ಅಂದವರು ಈಗ ಎರಡನೇ ಸಾಲಿನಲ್ಲಿ ಕರವಸ್ತ್ರ ಹಿಡಿದು ಕೂತಿದ್ದಾರೆ. ಇರಲಿ. ಆ ಫೋಟೋ ಕೂಡ ಗುರುತಿನ ಚೀಟಿಯಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಆಫೀಸಿನಲ್ಲಿ ಬೇರೆ ಒಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ.

ಅತ್ತಿಗೆ, ಅವರ ತಕರಾರು ಏನಿತ್ತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತೇನೆ.

ನಾವು ಬೇಕರಿಗಳಿಗೆ ಹಿಟ್ಟು ಕಲಸುವ ಯಂತ್ರ ಮಾಡುತ್ತೇವೆ. ಅದರೊಳಗೆ ಲಿನಕ್ಸ್ ಅನ್ನುವ ಸಾಫ್ಟ್‌ವೇರ್ ಓಡುವ ಒಂದು ಬೋರ್ಡು — ಇಷ್ಟೇ, ಅಂಗೈ ಅಗಲ. ಅದರ ಅಂಚಿನಲ್ಲಿ ಪಿನ್ನುಗಳು. ಹದಿನೇಳನೇ ಪಿನ್ನು ಆನ್ ಆದರೆ ಮೋಟರ್ ಓಡಿ ಪಾತ್ರೆಯೊಳಗಿನ ಉಕ್ಕಿನ ಕೊಕ್ಕೆ ತಿರುಗುತ್ತದೆ. ಆಫ್ ಮಾಡಿದರೆ ನಿಲ್ಲುತ್ತದೆ. ಆದರೆ ಕರೆಂಟು ಹೋಗಿ ಬಂದು ಬೋರ್ಡು ಬೂಟ್ ಆದಾಗ, ಅಂದರೆ ಮತ್ತೆ ಶುರುವಾದಾಗ — ತಾನಾಗಿಯೇ ಆನ್!

ಮ್ಯಾನೇಜರ್ ಸಾಹೇಬರು ಮೊದಲು ಬೋರ್ಡು ಮಾರಿದವನನ್ನು ಬೈದರು. ಆಮೇಲೆ ವೈರು ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೊನೆಗೆ, ಬೂಟ್ ಪೂರ್ತಿ ಮುಗಿದ ಮೇಲೆ ಆ ಪಿನ್ನನ್ನು ಆಫ್ ಮಾಡುವ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಹಾಕಿಸಿ ಚಪ್ಪಾಳೆ ತಟ್ಟಿಸಿಕೊಂಡರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ. ಅಣ್ಣ ಗಡಿಯಾರ ಹಿಡಿದು ಅಳೆದರು. ಪಿನ್ನು ಆನ್ ಆಗಿ, ಸ್ಕ್ರಿಪ್ಟ್ ಬಂದು ಆಫ್ ಮಾಡುವವರೆಗೆ — ಇಪ್ಪತ್ಮೂರು ಸೆಕೆಂಡು.

"ಇಪ್ಪತ್ಮೂರು ಸೆಕೆಂಡಲ್ಲಿ ಏನ್ರೀ ಮುಳುಗಿಹೋಗುತ್ತೆ?" ಅಂದರು ಸಾಹೇಬರು.

ಏನು ಮುಳುಗುತ್ತದೆ ಅಂತ ಅಲ್ಲಿ, ಬಾಗಿಲ ಹತ್ತಿರ ನಿಂತಿರುವ ಬೇಕರಿ ಅಕ್ಕನನ್ನು ಕೇಳಿ. ಕರೆಂಟು ಹೋಯಿತು ಅಂತ ಪಾತ್ರೆಯೊಳಗೆ ಕೈ ಹಾಕಿ ಅಂಟಿದ ಹಿಟ್ಟು ಕೆರೆಯುತ್ತಿದ್ದರು. ಕರೆಂಟು ಬಂತು. "ಅಂಗಿ ತೋಳು ಹೋಯ್ತು, ಕೈ ಉಳೀತು, ಬಿಡಿ" ಅಂತಾರೆ ಅವರು. ಅವರು ಬಿಟ್ಟರು, ಅಣ್ಣ ಬಿಡಲಿಲ್ಲ. ಅದಕ್ಕೆ ಸಂಸ್ಥೆ ಏನು ಮಾಡಿತು ಗೊತ್ತೇ? ಹಳದಿ ಸ್ಟಿಕ್ಕರ್! 'ತೊಳೆಯುವ ಮುನ್ನ ಪ್ಲಗ್ ಕೀಳಿ.' ಸಾಹೇಬರು ಸ್ವತಃ ಅಂಟಿಸಿ ಫೋಟೋ ತೆಗೆಸಿಕೊಂಡರು.

ಅಣ್ಣ ಮೂರು ವಾರ ಹುಡುಕಿ ಮೂಲ ಹಿಡಿದರು. ಯಾವ ಪಿನ್ನಿಗೆ ಏನು ಕಟ್ಟಿದೆ ಅಂತ ಲಿನಕ್ಸಿಗೆ ಹೇಳುವ ಒಂದು ಫೈಲು ಇರುತ್ತದೆ. ಬೋರ್ಡಿನವರು ಮಾದರಿಗೆ ಅಂತ ಕೊಟ್ಟ ಫೈಲಿನಲ್ಲಿ, ಹದಿನೇಳನೇ ಪಿನ್ನಿಗೆ ಒಂದು ಪುಟ್ಟ ದೀಪ, ಬೂಟ್ ಆಗುವಾಗಲೇ ಅದನ್ನು ಹಚ್ಚು, ಅಂತ ನಾಲ್ಕು ಸಾಲು ಇತ್ತು. ನಾವು ಅದನ್ನು ಓದದೆ ಹಾಗೇ ಎತ್ತಿ ಇಟ್ಟುಕೊಂಡೆವು. ನಮ್ಮಲ್ಲಿ ಆ ದೀಪವೇ ಇಲ್ಲ. ಲಿನಕ್ಸ್ ಪಾಪ, ಹೇಳಿದ ಮಾತು ಮೀರದೆ ಪ್ರತಿ ಸಲ ಇಲ್ಲದ ದೀಪ ಹಚ್ಚುತ್ತದೆ. ಇಲ್ಲಿ ಕೊಕ್ಕೆ ತಿರುಗುತ್ತದೆ.

ಓದದೆ ಕಾಪಿ ಹೊಡೆದ ಆ ಮಹಾನುಭಾವ ಯಾರು?

ನಾನು.

ಯಾವ ಸಾಲು ಯಾರು ಸೇರಿಸಿದ್ದು ಅನ್ನುವುದು ಫೈಲಿನ ಚರಿತ್ರೆಯಲ್ಲಿ ದಾಖಲಾಗಿರುತ್ತದೆ. ಅಣ್ಣ ಅದನ್ನು ನೋಡಿದ್ದರು. ಒಂದು ಮೀಟಿಂಗಿನಲ್ಲೂ ಬಾಯಿ ಬಿಡಲಿಲ್ಲ. ಕೈ ತೊಳೆಯುವ ತೊಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿ, "ಹೆಸರು ಕಟ್ಕೊಂಡು ನನಗೇನಾಗ್ಬೇಕು? ಸಾಲು ತೆಗಿ" ಅಂದರು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ನಾನು ಸಾಲು ತೆಗೆದು ಒಪ್ಪಿಗೆಗೆ ಕಳಿಸಿದೆ. "ಓಡ್ತಿರೋದನ್ನ ಮುಟ್ಬೇಡಿ" ಅಂತ ಸಾಹೇಬರು ಉತ್ತರ ಕೊಟ್ಟರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಏಳು ತಿಂಗಳು ಅಣ್ಣ ಒಬ್ಬರೇ ಬಾಗಿಲು ಬಡಿದರು. ಸಾಹೇಬರೇ, ನಿಮ್ಮ ಮೇಲಿರುವ ತಿರಸ್ಕಾರಕ್ಕಿಂತ ನನ್ನ ಮೇಲೆ ನನಗೆ ಒಂದು ತೂಕ ಜಾಸ್ತಿಯೇ ಇದೆ. ನಿಮಗೆ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಗಿತ್ತು.

ನಾಳೆ ನಲವತ್ತು ಯಂತ್ರ ಲಾರಿ ಹತ್ತುತ್ತವೆ. ಆ ನಾಲ್ಕು ಸಾಲು ತೆಗೆದ ಫೈಲನ್ನು ಇವತ್ತು ಬೆಳಗ್ಗೆ ಮತ್ತೆ ಕಳಿಸಿದ್ದೇನೆ. ಸಾಹೇಬರೇ, ನೀವು ಒಪ್ಪಿಗೆಯ ಒಂದು ಗುಂಡಿ ಒತ್ತಿದರೆ ಸಾಕು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸಾಹೇಬರೇ, ನೀವೂ. ಎರಡು ನಿಮಿಷ ಬೇಡ, ಅಷ್ಟು ಹೊತ್ತು ನಿಲ್ಲುವ ಯೋಗ್ಯತೆ ನಮಗಿಲ್ಲ. ಬಲಗೈ ಮುಂದೆ ಚಾಚಿ — ಹೀಗೆ, ಪಾತ್ರೆಯೊಳಗೆ ಇಟ್ಟ ಹಾಗೆ. ಇಪ್ಪತ್ಮೂರು ಸೆಕೆಂಡು. ಗಡಿಯಾರ ನಾನು ನೋಡುತ್ತೇನೆ. ಅಲ್ಲಿಯವರೆಗೆ ಯಾರೂ ಕೈ ಹಿಂದಕ್ಕೆ ತೆಗೆಯಬೇಡಿ.