ಬದುಕಿದ್ದೀನಿ ಅನ್ನೋದಕ್ಕೆ ಸಾಕ್ಷಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದ ತಕ್ಷಣ ತೋಟ, ಬಂಗಲೆ, ಕಾರು ಅಂದ್ಕೋಬೇಡಿ. ತಿಂಗಳಾಯ್ತು ಅಂದ್ರೆ ಪೆನ್ಶನ್ ಬಂದು ಬೀಳ್ತದಲ್ಲ, ಆ ಶ್ರೀಮಂತ. ಯಾಕೆ ನಗ್ತೀರಿ? ಮುಂದಿನ ಸಾಲಲ್ಲಿ ಕೂತಿರೋರೆಲ್ಲ ಅದೇ ಪೈಕಿ ತಾನೆ?

ಈ ಮಹಾನುಭಾವ ಬೇರೆ ಊರಿನ ತಾಲ್ಲೂಕು ಕಚೇರೀಲಿ ಶಿರಸ್ತೇದಾರ ಆಗಿದ್ದೋನು. ಸರ್ವಿಸ್ ಪೂರ್ತಿ ಬಂದೋರಿಗೆಲ್ಲ ಒಂದೇ ಮಾತು: "ಸಾಕ್ಷಿ ಎಲ್ಲಿ? ಹೋಗಿ ಸಾಕ್ಷಿ ಕರ್ಕೊಂಡು ಬಾ." ರಿಟೈರ್ ಆಗಿ ಊರಿಗೆ ಬಂದ. ಗೇಟಿಗೆ ಬೀಗ ಹಾಕಿ, ಪೇಪರ್ ಹಿಡ್ಕೊಂಡು ಒಳಗೆ ಕೂತ. ಪೆನ್ಶನ್ ಬರ್ತದೆ, ಯಾರ ಹಂಗು ನನಗ್ಯಾಕೆ ಅಂದ. ನೋಡಿ, ಈ ಮಾತು ನೆನಪಲ್ಲಿಟ್ಕೊಳ್ಳಿ. ಯಾರ ಹಂಗು ನನಗ್ಯಾಕೆ ಅಂದ.

ಅವನ ಹೆಂಡತಿ ಚನ್ನಾಜಮ್ಮ. ಆಕೆಗೆ ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್ ಆಗ್ಲೇಬೇಕು. ಆದ್ರೂ ಬೀದೀಲಿ ಯಾರು ಜ್ವರ ಅಂತ ಮಲಗಿದ್ರೂ ಒಂದು ಚೊಂಬು ಮೆಣಸಿನ ಸಾರು ಕಾಯಿಸಿ, ಸೆರಗಲ್ಲಿ ಮುಚ್ಕೊಂಡು ಹೊರಟುಬಿಡೋಳು. ಇವನು ಪೇಪರ್ ಹಿಂದಿನಿಂದಲೇ ಗುರುಗುಟ್ಟೋನು: "ಊರ ಉಸಾಬರಿ ನಿನಗ್ಯಾಕೆ?" "ಇರಲಿ ಬಿಡಿ, ಈಗ ಬಂದೆ" ಅನ್ನೋಳು ಆಕೆ.

ನವೆಂಬರ್ ಬಂತು. ನವೆಂಬರ್ ಬಂದ್ರೆ ಪೆನ್ಶನ್‌ದಾರ ಏನ್ಮಾಡ್ಬೇಕು? ಬ್ಯಾಂಕಿಗೆ ಹೋಗಿ, ಬದುಕಿದ್ದೀನಪ್ಪ ಅಂತ ಹೆಬ್ಬೆಟ್ಟು ಒತ್ತಬೇಕು. ಇವನು ಕಡೇ ದಿನ ಹೋದ. ಒತ್ತಿದ. ಮೆಷೀನ್ ತಗೊಳ್ಳಲಿಲ್ಲ. ಪಂಚೆಗೆ ಒರೆಸ್ಕೊಂಡು ಒತ್ತಿದ. ಊಹೂಂ. ವಯಸ್ಸಾದ ಬೆರಳು, ಗೆರೆ ಸವೆದುಹೋಗಿತ್ತು. ಕೌಂಟರಿನಲ್ಲಿದ್ದ ಮೇಡಂ ಆ ಊರಿಗೆ ಹೊಸಬರು. "ಪರವಾಗಿಲ್ಲ ಸರ್, ನಿಮ್ಮನ್ನ ಬಲ್ಲ ಖಾತೆದಾರರು ಯಾರಾದ್ರೂ ಒಂದು ಸಹಿ ಹಾಕ್ಲಿ. ಮನೆಯವರು ಹಾಕೋಹಾಗಿಲ್ಲ" ಅಂದ್ರು.

ಕೇಳಿದ್ರಾ? ಸಾಕ್ಷಿ ಬೇಕಂತೆ, ಅದೂ ಯಾರಿಗೆ?

ತಿರುಗಿ ನೋಡಿದ. ಹಾಲ್ ತುಂಬ ಅವನದೇ ಊರಿನ ಜನ. ಒಬ್ಬರ ಮುಖದಲ್ಲೂ ಗುರುತಿನ ನಗು ಇಲ್ಲ. ಬೆಂಚಿನ ಮೇಲಿದ್ದ ಹಿರಿಯರೊಬ್ಬರನ್ನ ಮೆಲ್ಲಗೆ ಕೇಳಿದ: "ಒಂದು ಸಹಿ ಹಾಕ್ತೀರಾ, ಯಜಮಾನ್ರೇ?" ಅವರು ಕನ್ನಡಕ ಮೇಲೆತ್ತಿ ನೋಡಿ, "ತಪ್ಪು ತಿಳೀಬೇಡಿ ಸ್ವಾಮಿ, ತಾವು ಯಾವ ಊರು?" ಅಂದ್ರು. ಅವರ ಮನೆ ಎಲ್ಲಿತ್ತು ಗೊತ್ತಾ? ಇವನ ಮನೆಯ ಎದುರಿಗೆ!

ಪೆನ್ಶನ್ ನಿಂತ್ರೆ ಚನ್ನಾಜಮ್ಮನ ಇಂಜೆಕ್ಷನ್‌ಗೆ ಏನು ಗತಿ? ಸರ್ವಿಸ್‌ನಲ್ಲಿ ಯಾರಿಗೂ ಹೆದರದೋನು ಆವತ್ತು ಹೆದರಿದ, ತುಂಬಾ ಹೆದರಿದ. ಹೆಂಡತಿಗೆ ಫೋನ್ ಮಾಡಿ, "ಸ್ವಲ್ಪ ಬ್ಯಾಂಕಿಗೆ ಬಾರೇ" ಅಂದ.

ಚನ್ನಾಜಮ್ಮ ಬಾಗಿಲಲ್ಲಿ ಕಾಲಿಟ್ಟಳು ನೋಡಿ, ಇಡೀ ಹಾಲೇ ಎದ್ದುನಿಂತಂಗಾಯ್ತು. "ಬನ್ನಿ ಅಮ್ಮ, ಇಲ್ಲಿ ಕೂತ್ಕೊಳ್ಳಿ." "ಸಾರಿನ ಚೊಂಬು ನಮ್ಮನೇಲೇ ಉಳಿದಿದೆ ಕಣಮ್ಮ" ಅಂದ್ರು ಆ ಎದುರುಮನೆ ಹಿರಿಯರು. ಇವನು ಬೆಪ್ಪಾಗಿ ನಿಂತಿದ್ದ. ಆಕೆ ಅವನ ಪಕ್ಕ ಬಂದು ನಿಂತು, "ಇವರು ನಮ್ಮ ಯಜಮಾನ್ರು" ಅಂದಳು.

ಎದುರುಮನೆ ಹಿರಿಯರು ಪೆನ್ನು ತೆಗೆದ್ರು. ಮೇಡಂ ಕೇಳಿದ್ರು, "ನೀವು ಇವರನ್ನ ಬಲ್ಲಿರಾ?"

"ಸುಳ್ಳು ಹೇಳಲ್ಲಮ್ಮ. ಇವರನ್ನ ನಾನು ಸರಿಯಾಗಿ ನೋಡಿದ್ದು ಇವತ್ತೇ. ಆದ್ರೆ ಈ ತಾಯಿ ನನ್ನ ಜ್ವರದಲ್ಲಿ ದಿನಾ ಸಾರು ತಂದುಕೊಟ್ಟೋಳು. ಆಗೆಲ್ಲ ಅವಳ ಹಣೇಲಿ ಕುಂಕುಮ ನೋಡಿದ್ದೀನಿ. ಅದರಿಂದಲೇ ಗೊತ್ತು, ಆ ಮನೇಲಿ ಗಂಡ ಅನ್ನೋನು ಒಬ್ಬ ಬದುಕಿದ್ದಾನೆ ಅಂತ." ಸಹಿ ಹಾಕಿದ್ರು.

ನಗಿ, ನಗಿ. ಅವನು ನಗಲಿಲ್ಲ. ದಾರೀಲಿ ಹೆಂಡತಿ ಕೈಚೀಲ ತಾನೇ ಹಿಡ್ಕೊಂಡು ಬಂದ. ಗೇಟಿನ ಬೀಗ ತೆಗೆದು ಮತ್ತೆ ಹಾಕಲಿಲ್ಲ. ಸಂಜೆ ಎದುರುಮನೆಗೆ ಹೋಗಿ, "ಚೊಂಬು ಇಸ್ಕೊಂಡು ಹೋಗೋಣ ಅಂತ ಬಂದೆ" ಅಂತ ಜಗಲಿ ಮೇಲೆ ಕೂತ. ಏಳೋಕೆ ಮನಸ್ಸೇ ಬರಲಿಲ್ಲ.

ಈಗ ನಿಮ್ಮನ್ನ ಕೇಳ್ತೀನಿ. ಸರ್ಕಾರ ವರ್ಷಕ್ಕೊಂದು ಸಲ ಕೇಳ್ತದೆ, ಬದುಕಿದ್ದೀಯಾ ಅಂತ. ಭಗವಂತ ದಿನಾ ಕೇಳ್ತಾನೆ. ಏನು ತೋರಿಸ್ತೀರಿ, ಹೆಬ್ಬೆಟ್ಟಾ? ರಿಟೈರ್ ಆಗಿದ್ದು ಕೆಲಸದಿಂದ ಸ್ವಾಮಿ, ಮನುಷ್ಯರಿಂದಲ್ಲ. ನಾಳೆ ಬೆಳಿಗ್ಗೆ ಪೇಪರ್ ಬಿಡಿಸೋ ಮೊದಲು ಗೇಟ್ ತೆಗೀರಿ. ಎದುರುಮನೆಯವರ ಹೆಸರು ಕೇಳಿ, ನಿಮ್ಮದು ಹೇಳಿ. ಯಾರ ಬಾಗಿಲಾದ್ರೂ ಹೊತ್ತೇರಿದ್ರೂ ತೆಗೀದೆ ಇದ್ರೆ, ಹೋಗಿ ತಟ್ಟಿ. ಮನೆಯಾಕೆ ಚೊಂಬು ಹಿಡ್ಕೊಂಡು ಹೊರಟ್ರೆ ಗೊಣಗಬೇಡಿ, ಚಪ್ಪಲಿ ಮೆಟ್ಕೊಂಡು ನೀವೂ ಜೊತೆಗೆ ಹೋಗಿ.