ಅಂಗಾಲು ತಣ್ಣಗಾಗ್ಯಾವ

ಬಳ್ಳಾರಿಯ ಆ ಆಸ್ಪತ್ರೆಯಲ್ಲಿ ಮಕ್ಕಳ ಐಸಿಯುವಿನ ಹೊರಗೊಂದು ತಗಡಿನ ಚಪ್ಪರ. ಸಂಜೆಯ ಮಳೆ ಜೋರಾದಾಗ, ಒಳಗೆ ಮಕ್ಕಳನ್ನು ಬಿಟ್ಟು ಕಾಯುತ್ತಿದ್ದವರೆಲ್ಲ ಚಪ್ಪರದ ನಡುವಿಗೆ ಸರಿದು ಕೂತೆವು. ಕುರುಗೋಡಿನಿಂದ ಬಂದ ನಾನು, ಹೆಂಡತಿ ನಂದಿನಿ. ದೇಶನೂರಿನ ಅಜ್ಜಿ ಪಕ್ಕೀರಮ್ಮ, ಅವಳ ತೊಡೆಯ ಮೇಲೆ ನಿದ್ದೆಹೋದ ಮಗಳು ಸುಧಾರಾಣಿ. ಸುಧಾರಾಣಿಯ ಎರಡನೆಯ ಕೂಸು ಒಳಗಿತ್ತು. ನಮ್ಮ ಮಗಳು ಹೇಗಿದ್ದಾಳೆಂದು ಬೆಳಗಿನಿಂದ ಯಾರೂ ಹೇಳಿರಲಿಲ್ಲ. ಕದ ಅಲುಗಿದಾಗಲೆಲ್ಲ ನಂದಿನಿ ಎದ್ದು ನಿಲ್ಲುತ್ತಿದ್ದಳು.

“ಕುಂದ್ರವ್ವ,” ಅಂದಳು ಅಜ್ಜಿ. “ಹೇಳೋದಿದ್ರ ಆಕಿನ ಬಂದು ಹೇಳ್ತಾಳ.”

“ಯಾರು, ನರ್ಸಮ್ಮನಾ?”

“ಅಲ್ಲ...” ಮಗಳು ಏಳದಂತೆ ಅಜ್ಜಿ ದನಿ ತಗ್ಗಿಸಿದಳು.

“ಈಕಿ ಚೊಚ್ಚಲ ಮಗನ್ನೂ ಇಲ್ಲಿಗೇ ಕರ್ಕೊಂಬಂದಿದ್ವಿ... ಬಾಯಾಗ ಪೈಪು, ಎದಿಗೆ ವೈರು, ಹೆತ್ತಾಕಿಗೂ ಮುಟ್ಟಾಕ ಬಿಡವಲ್ರು. ಕೇಳಿದ್ರ ‘ನೋಡ್ತಿದೀವಮ್ಮ’ ಅನ್ನೋದು ಬಿಟ್ಟು ಬ್ಯಾರೆ ಮಾತಿಲ್ಲ. ಊಟ ಯಾರಿಗೆ ಬೇಕು, ಹೇಳ್ರಿ? ಕೂಸು ಅಳಾಕತ್ತೈತೋ, ಮಲಗೈತೋ, ಅಷ್ಟು ಹೇಳಿದ್ರ ಸಾಕಿತ್ತು... ಇಂಥದೇ ಮಳಿ. ಒಬ್ಬ ಹೆಣ್ಮಗಳು ಬಂದು ಈಕಿ ಪಕ್ಕಕ ಕುಂತ್ಲು. ಅಷ್ಟು ಮಳ್ಯಾಗ ಬಂದ್ರೂ ಸೀರಿ ಒಣಾ ಐತಿ, ನಾನೇ ನೋಡೀನಿ. ‘ನಿನ್ನ ಮಗನ ಅಂಗಾಲು ತಣ್ಣಗಾಗ್ಯಾವ, ಹೋಗಿ ಹಿಡ್ಕೋ’ ಅಂದ್ಲು. ಈಕಿ ವಾಚ್‌ಮನ್‌ನ ನೂಕಿ ಒಳಗ ಓಡಿದ್ಲು. ನರ್ಸಮ್ಮ ಮನಸು ಕರಗಿ ಕುರ್ಚಿ ಹಾಕಿಕೊಟ್ಲು. ಅಂಗಾಲು ಖರೇನ ತಣ್ಣಗಿದ್ವಂತ... ಈಕಿ ಅಂಗೈಯಾಗ ಬೆಚ್ಚಗ ಹಿಡ್ಕೊಂಡು ಜೋಗುಳ ಹಾಡಿದ್ಲು. ಹಾಡು ಮುಗಿಯೋದ್ರೊಳಗ ಕೂಸು ಹೋತು.

“ಆಮ್ಯಾಲ ಆ ಹೆಣ್ಮಗಳ್ನ ಹುಡುಕಿದ್ರ... ಎಲ್ಲದಾಳ? ನಾವು ಗುರುತು ಹೇಳಿದ್ದು ಕೇಳಿ ನರ್ಸಮ್ಮ ಬಿಳಿಚ್ಕೊಂಡ್ಲು. ಬಂದಾಕಿ ರೂಪನಗುಡಿ ಊರಿನ ವಿಜಯಲಕ್ಷ್ಮಿ ಅಂತ. ಮಗಳು ಒಳಗ ಜೀವ ಬಿಡೋವಾಗ ಆಕಿ ಇದೇ ಕದಕ್ಕ ಹಣಿ ಹಚ್ಚಿ ನಿಂತಿದ್ಲಂತ, ಯಾರೂ ಕರೀಲಿಲ್ಲ. ಬಟ್ಟಿ ಸುತ್ತಿ ಕೈಗೆ ಕೊಟ್ಟಾಗಲೇ ಗೊತ್ತಾಗಿದ್ದು. ಅದೇ ಕೊರಗಿನಾಗ ವರ್ಷ ತುಂಬೋದ್ರೊಳಗ ಆಕಿನೂ ತೀರ್ಕೊಂಡ್ಲಂತ... ದೆವ್ವ ಅಂತೀರೇನು ಆಕೀನ? ನಾ ಅನ್ನಂಗಿಲ್ಲ. ನನ್ನ ಮಗಳು ಕೂಸಿನ ಕಾಲಾದ್ರೂ ಹಿಡ್ಕೊಂಡ್ಲು.”

ನಂದಿನಿ ನನ್ನ ಕೈ ಬಿಗಿಯಾಗಿ ಹಿಡಿದಳು. “ಅಜ್ಜಿ, ಈಗ್ಲೂ ಬರ್ತಾಳಾ?”

ಪಕ್ಕೀರಮ್ಮ ಯಾರೂ ಇಲ್ಲದ ಬಲಗಡೆಗೆ ತಿರುಗಿ, ಬಂದವರಿಗೆ ಜಾಗ ಬಿಡುವಂತೆ ತುಸು ಸರಿದಳು. ತಲೆ ಬಾಗಿಸಿ ಏನನ್ನೋ ಕೇಳಿಸಿಕೊಂಡಳು... ಬಳಿಕ ಮಗಳ ಕೂದಲ ಮೇಲೆ ಕೈಯಿಟ್ಟಳು.

“ಬಂದಾಗಿಂದ ಕಣ್ಣು ಮುಚ್ಚಿದ್ದಿಲ್ಲ, ಈಗ ಮಲಗ್ಯಾಳ,” ಅಂದಳು. “ಹೆಂಗ ಎಬ್ಬಸ್ಲಿ?”