ನೋಲ್ಮಾದ ಎರಡು ಕವಲುಗಳ ನಡುವೆ

ನೋಲ್ಮಾ ತಾಲ್ಲೂಕಿನ ಬಂಧುಗಳೇ, ಹೊಳೆ ದಾಟಿ ಲೋಖ್ತಾದಿಂದ ಬಂದಿರುವ ಹಿರಿಯರೇ, ವೆರೆತ್ಯಾ ಊರಿನವರೇ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ರಿಮ್ಮಾ ಅರ್ಕಾದ್ಯೆವ್ನಾ, ನಿಮ್ಮ ದೊಡ್ಡಮ್ಮ ಕಪಿತೊಲಿನಾ ಫ್ರೋಲೊವ್ನಾ ಹೋಗಿ ಇವತ್ತಿಗೆ ನಲವತ್ತು ದಿನ, ಅವರನ್ನು ನೆನೆಯುವ ದಿನ. ನಿಮಗೆ, ನಿಮ್ಮ ಮಕ್ಕಳಿಗೆ, ನಿಮ್ಮ ಪಕ್ಕದಲ್ಲಿರುವ ಸ್ತೆಪನೀದಾಗೆ ನಾನು ತಲೆಬಾಗುತ್ತೇನೆ.

ತಾಲ್ಲೂಕು ಅಂದುಬಿಟ್ಟೆ, ಕ್ಷಮಿಸಿ. ಹೋದ ವರ್ಷದಿಂದ ನಾವು ತಾಲ್ಲೂಕಲ್ಲ, ದೊಡ್ಡ ಮಂಡಲವೊಂದರ ಮೂಲೆ. ನನ್ನ ನಾಲಿಗೆಗೆ ಇನ್ನೂ ಅದು ರೂಢಿಯಾಗಿಲ್ಲ.

ನನ್ನನ್ನು ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ವೆನಿಯಾಮಿನ್ ಪ್ರೊಖೊರೊವಿಚ್. ಮೋಜಣಿ ಕಚೇರಿಯ ಜೀಪು ಓಡಿಸುತ್ತಿದ್ದವನು. ಓಡಿಸುವುದು ಅರ್ಧ ಕೆಲಸ — ಇನ್ನರ್ಧ, ಅಳತೆ ಕೋಲು ಹಿಡಿದುಕೊಂಡು ಜೌಗಿನಲ್ಲಿ ಮೊಣಕಾಲುದ್ದ ನಿಲ್ಲುವುದು. ಆ ತುದಿಯಲ್ಲಿ ನಾನು, ಈ ತುದಿಯಲ್ಲಿ ಯಂತ್ರದ ಹಿಂದೆ ಕಪಿತೊಲಿನಾ ಫ್ರೋಲೊವ್ನಾ. ಹತ್ತೊಂಬತ್ತು ವರ್ಷ ಹಾಗೆ ಒಬ್ಬರಿಗೊಬ್ಬರು ದೂರದಿಂದ ಕೂಗಿಕೊಂಡೇ ಕೆಲಸ ಮಾಡಿದೆವು. "ವೆನ್ಯಾ, ಎಡಕ್ಕೆ! ನಿನ್ನ ಎಡ ಅಲ್ಲಪ್ಪ, ನನ್ನ ಎಡ!" — ಈ ಒಂದು ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕವಿಲ್ಲ.

ಅವರು ನಡೆಯುತ್ತಿದ್ದುದು ನಿಮಗೆ ನೆನಪಿದೆಯಲ್ಲ? ಹೀಗೆ — ಕೈ ಹಿಂದಕ್ಕೆ ಕಟ್ಟಿಕೊಂಡು, ತುಟಿ ಅಲ್ಲಾಡಿಸುತ್ತಾ. ಪ್ರಾರ್ಥನೆ ಮಾಡ್ತಾರೆ ಅಂತ ಊರವರು ಅಂದುಕೊಂಡಿದ್ದರು. ಪ್ರಾರ್ಥನೆಯೂ ಅಲ್ಲ ಏನೂ ಅಲ್ಲ, ಹೆಜ್ಜೆ ಎಣಿಸುತ್ತಿದ್ದರು. ಕಚೇರಿಯಿಂದ ಬ್ರೆಡ್ಡಿನ ಅಂಗಡಿಗೆ ನಾನೂರ ಹನ್ನೆರಡು. ಮಂಜು ಬಿದ್ದಾಗ ನಾನೂರ ಅರವತ್ತು. ಒಂದು ದಿನ ಅಂಗಡಿಯ ಹೆಂಗಸು ತಡೆಯಲಾರದೆ ಕೇಳಿಬಿಟ್ಟಳು: "ಅಂಗಡಿ ಎಲ್ಲಿಗಾದ್ರೂ ಓಡಿಹೋಗತ್ತಾ, ದಿನಾ ಅಳೀತೀರಲ್ಲ?" ಅದಕ್ಕೆ ಇವರು — "ನಮ್ಮ ತಾಲ್ಲೂಕೇ ಒಂದು ಸಲ ಓಡಿಹೋಗಿತ್ತು ತಾಯಿ, ಅಂಗಡಿ ಯಾವ ಲೆಕ್ಕ?"

ನಗಬೇಡಿ, ಅದು ನಿಜ. ವಯಸ್ಸಾದವರಿಗೆ ಗೊತ್ತಿದೆ. ಅರವತ್ತಮೂರರಲ್ಲಿ ನಮ್ಮ ತಾಲ್ಲೂಕನ್ನು ರದ್ದು ಮಾಡಿ ಲೋಖ್ತಾಗೆ ಸೇರಿಸಿದರು. ಕಚೇರಿಯ ಬೋರ್ಡು ಕಿತ್ತು ಅಗ್ನಿಶಾಮಕದವರ ಕೊಟ್ಟಿಗೆಗೆ ಎಸೆದರು. ಎರಡು ವರ್ಷ ನಾವೆಲ್ಲ ಲೋಖ್ತಾದವರು. ಅರವತ್ತೈದರ ಚಳಿಗಾಲದಲ್ಲಿ, "ಇಲ್ಲ, ತಪ್ಪಾಯಿತು, ತಾಲ್ಲೂಕು ಇರಲಿ" ಅಂತ ಆಜ್ಞೆ ಬಂತು. ಎಂಟು ದಿನದಲ್ಲಿ ನಕ್ಷೆಗಳೆಲ್ಲ ಹೊಸದಾಗಿ ಬರೆದು ಪ್ರಾಂತ್ಯದ ಪಟ್ಟಣಕ್ಕೆ ಕಳಿಸಬೇಕು. ಆಗ ಕಚೇರಿಗೆ ಹೊಸದಾಗಿ ಬಂದಿದ್ದ ನಕ್ಷೆ ಬರೆಯುವ ಹುಡುಗಿ, ಇಪ್ಪತ್ತೆರಡು ವರ್ಷದ ಕಾಪಾ ಶೆಸ್ತೊವಾ. ಅವರೇ ನಮ್ಮ ಕಪಿತೊಲಿನಾ ಫ್ರೋಲೊವ್ನಾ.

ಈಗ ನಾನು ಹೇಳುವ ವಿಷಯ ಇಲ್ಲಿ ಕೆಲವರಿಗೆ ಗೊತ್ತು. ಹೇಳಬೇಕೋ ಬೇಡವೋ ಅಂತ ರಿಮ್ಮಾ ಅವರನ್ನು ಕೇಳಿದೆ. "ಹೇಳಿ. ದೊಡ್ಡಮ್ಮ ಯಾವತ್ತೂ ಮುಚ್ಚಿಡಲಿಲ್ಲ" ಅಂದರು.

ವೆರೆತ್ಯಾ ಇರುವುದು ನೋಲ್ಮಾ ಹೊಳೆಯ ನಡುಗಡ್ಡೆಯಲ್ಲಿ. ನಮ್ಮ ಕಡೆ ಅಗಲದ ಕವಲು, ಲೋಖ್ತಾ ಕಡೆ ಹಳೆಯ ಕಿರಿದಾದ ಕವಲು. ಆಜ್ಞೆಯಲ್ಲಿ ಗಡಿ ಹಳೆಯ ಕವಲಿನ ಉದ್ದಕ್ಕೆ ಅಂತ ಇತ್ತು. ಅಂದರೆ ಊರು ನಮ್ಮದು. ಲೋಖ್ತಾದವರು ತಮ್ಮ ನಕ್ಷೆಯಲ್ಲಿ ಹಾಗೆಯೇ ಬರೆದುಕೊಂಡರು. ನಮ್ಮ ನಕ್ಷೆಯಲ್ಲಿ ಮಾತ್ರ ಗೆರೆ ಅಗಲದ ಕವಲಿನ ಮೇಲೆ ಬಿತ್ತು. ಅವರ ಕಾಗದದಲ್ಲಿ ಊರು ನಮ್ಮದು, ನಮ್ಮ ಕಾಗದದಲ್ಲಿ ಊರು ಅವರದು. ಹದಿನೇಳು ಮನೆಯ ಊರು ಯಾರದೂ ಅಲ್ಲ.

ಮೂವತ್ತು ವರ್ಷ ಯಾರಿಗೂ ತಿಳಿಯಲೇ ಇಲ್ಲ. ಸಾಮೂಹಿಕ ಫಾರ್ಮು ಇತ್ತು, ಅದೇ ರಸ್ತೆಯ ಮಂಜು ತೆಗೆಸುತ್ತಿತ್ತು, ಅದೇ ರೋಗಿಗಳನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುತ್ತಿತ್ತು. ಫಾರ್ಮು ಮುಚ್ಚಿತು ನೋಡಿ — ಆಗ ಗೊತ್ತಾಯಿತು.

ತೊಂಬತ್ತಾರು, ಜನವರಿ, ಮಧ್ಯಾಹ್ನದ ಹೊತ್ತು. ವೆರೆತ್ಯಾದ ತೆರೆಂತಿ ಹೊಳೆಯ ಮಂಜುಗಡ್ಡೆ ಒಡೆದು ನೀರು ತರುತ್ತಿದ್ದವರು ಎದೆ ಹಿಡಿದುಕೊಂಡು ಕೂತುಬಿಟ್ಟರು. ಪಕ್ಕದ ಊರಿನ ಅಂಚೆ ಮನೆಯಿಂದ ಫೋನು ಮಾಡಿದರು. ನಮ್ಮ ಆಸ್ಪತ್ರೆಯವರು ನಕ್ಷೆ ನೋಡಿ, "ಅದು ಲೋಖ್ತಾಗೆ ಸೇರಿದ್ದು" ಅಂದರು. ಲೋಖ್ತಾದವರು ತಮ್ಮ ನಕ್ಷೆ ನೋಡಿ, "ಅದು ನೋಲ್ಮಾಗೆ ಸೇರಿದ್ದು" ಅಂದರು. ಯಾರೂ ಕೆಟ್ಟವರಲ್ಲ. ಎರಡೂ ಕಡೆ ಒಂದೊಂದೇ ಆಂಬುಲೆನ್ಸ್ ಇತ್ತು. ಕೊನೆಗೆ ಹೆಂಡತಿ ಉಲ್ಯಾನಾ ಅವರೇ ಕುದುರೆ ಕಟ್ಟಿ, ಗಂಡನನ್ನು ಹಿಮಗಾಡಿಯಲ್ಲಿ ಮಲಗಿಸಿ, ಕುರಿತೊಗಲು ಹೊದಿಸಿ ಹೊರಟರು. ಹೊಳೆಯ ನಡುವೆ ತೆರೆಂತಿ ಹೋದರು.

ಹತ್ತು ದಿನ ಕಳೆದ ಮೇಲೆ ಉಲ್ಯಾನಾ ಸವ್ವಾತ್ಯೆವ್ನಾ ನಮ್ಮ ಕಚೇರಿಗೆ ಬಂದರು. ನಾನು ಒಲೆ ಹತ್ತಿರ ಕೂತು ಚಹಾ ಕುಡೀತಿದ್ದೆ. ಉಣ್ಣೆ ಬೂಟಿನಿಂದ ಮಂಜು ಕೊಡವದೆ ಹಾಗೇ ಒಳಗೆ ಬಂದು, ಮೇಜಿನ ಮುಂದೆ ನಿಂತು — ದನಿ ಏರಿಸಲಿಲ್ಲ — ಕೇಳಿದರು:

"ನನ್ನ ಗಂಡ ಎಲ್ಲಿ ಸತ್ತ ಅಂತ ಬರ್ಕೊಡಿ. ಸಾವು ನೋಂದಾಯಿಸೋಕೆ ಹೋದ್ರೆ ಯಾವ ತಾಲ್ಲೂಕು ಅಂತಾರೆ. ನಂಗೊತ್ತಿಲ್ಲ. ನೀವು ಅಳೆಯೋರು, ನೀವು ಹೇಳಿ."

ಕಪಿತೊಲಿನಾ ಫ್ರೋಲೊವ್ನಾ ಬೀರು ತೆಗೆದು ಅರವತ್ತೈದರ ಹಾಳೆ ಹರವಿದರು. ಆಜ್ಞೆಯ ಪ್ರತಿಯನ್ನು ಪಕ್ಕಕ್ಕೆ ಇಟ್ಟುಕೊಂಡರು. ಒಂದು ಸಲ ಅದನ್ನು ಓದಿದರು, ಒಂದು ಸಲ ಗೆರೆ ನೋಡಿದರು. ಮತ್ತೆ ಓದಿದರು. ಹಾಳೆಯ ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ — "ಬರೆದವರು: ಕ. ಶೆಸ್ತೊವಾ."

ನಾನು ಅವರನ್ನು ಮಳೆಯಲ್ಲಿ ನೋಡಿದ್ದೇನೆ, ಜ್ವರದಲ್ಲಿ ನೋಡಿದ್ದೇನೆ, ಜೀಪು ಜೌಗಿನಲ್ಲಿ ಮುಳುಗುವಾಗ ನೋಡಿದ್ದೇನೆ. ಅಂಥ ಮುಖ ನೋಡಿರಲಿಲ್ಲ. ಹಾಳೆ ಮಡಚಿ, "ನಾಳೆ ನಾನೇ ನಿಮ್ಮ ಮನೆಗೆ ಬರ್ತೀನಿ" ಅಂದರು. ಅಷ್ಟೇ.

ಆ ಸಂಜೆ ಮೇಲಧಿಕಾರಿ — ಈಗ ಅವರೂ ಇಲ್ಲ, ಹೆಸರು ಬೇಡ — ಇವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹಳೇ ಹಾಳೆ. ಇಲಿ ತಿಂತು ಅಂತ ಬರೆಯೋಣ. ಹೊಸದು ಮಾಡಿ. ನಿವೃತ್ತಿಗೆ ಇನ್ನು ಎರಡು ವರ್ಷ ಇದೆ ನಿಮಗೆ, ಯಾಕೆ ಮೈಮೇಲೆ ಎಳ್ಕೊಳ್ತೀರಿ?"

ಇವರು ಅಂದರು, "ಇಲಿ ತಿಂದಿಲ್ಲವಲ್ಲ."

ತಮ್ಮ ಹೆಸರಿನಲ್ಲೇ ಪ್ರಾಂತ್ಯದ ಕಚೇರಿಗೆ ಬರೆದರು. ತಪ್ಪು ನನ್ನದು, ಹೀಗಾಯಿತು, ಒಬ್ಬ ಮನುಷ್ಯ ಸತ್ತ ಅಂತ. ಅದಕ್ಕೆ ಬಂದ ಉತ್ತರ ನಿಮಗೆ ಗೊತ್ತಿರಬಹುದು — ಮೋಜಣಿ ಮುಖ್ಯಸ್ಥರ ಕುರ್ಚಿಯಿಂದ ಇಳಿಸಿ ಕಡತ ಜೋಡಿಸುವ ಕೆಲಸಕ್ಕೆ ಹಾಕಿದರು.

ಅದು ಆಮೇಲಿನ ಮಾತು. ಉಲ್ಯಾನಾ ಕಚೇರಿಗೆ ಬಂದ ಮಾರನೇ ದಿನವೇ ಮಾತು ಕೊಟ್ಟಂತೆ ವೆರೆತ್ಯಾಗೆ ಹೋದೆವು. ಉಲ್ಯಾನಾ ಹಿಟ್ಟು ನಾದುತ್ತಿದ್ದರು. ಇವರು ಟೋಪಿಯನ್ನೂ ತೆಗೆಯದೆ ಬಾಗಿಲಲ್ಲೇ ನಿಂತು ಹೇಳಿದರು: "ಆ ಗೆರೆ ಎಳೆದದ್ದು ನಾನು. ದಪ್ಪಗೆ ನೀಲಿಯಾಗಿ ಕಂಡದ್ದೇ ಹೊಳೆ ಅಂದುಕೊಂಡೆ. ಆಜ್ಞೆ ಸರಿಯಾಗಿ ಓದಲಿಲ್ಲ."

ಉಲ್ಯಾನಾ ನಾದುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಮಗುಚಿ ಹಾಕಿ ಕೇಳಿದರು: "ಎಷ್ಟಿತ್ತು ವಯಸ್ಸು ಆಗ?"

"ಇಪ್ಪತ್ತೆರಡು."

"ನಂಗೂ ಇಪ್ಪತ್ತೆರಡೇ. ಆ ವರ್ಷಾನೇ ತೆರೆಂತಿನ ಮದುವೆಯಾಗಿ ಈ ಊರಿಗೆ ಬಂದದ್ದು." ಆಮೇಲೆ — "ಹೋಗು. ಬಾಗಿಲು ಎಳ್ಕೊಂಡು ಹೋಗು, ಹಿಟ್ಟಿಗೆ ಚಳಿ ಹಿಡಿಯತ್ತೆ."

ಗಡಿ ತಿದ್ದುವುದು ಅಂದರೆ ಎರಡು ತಾಲ್ಲೂಕಿನ ಸಭೆಗಳು ಒಪ್ಪಬೇಕು, ಪ್ರಾಂತ್ಯ ಒಪ್ಪಬೇಕು, ಮೊದಲು ಊರಿನ ಪ್ರತಿ ಮನೆಯೂ ಸಹಿ ಹಾಕಬೇಕು. ಹದಿನಾರು ಮನೆ ಒಂದು ತಿಂಗಳಲ್ಲಿ ಹಾಕಿದವು. ಉಲ್ಯಾನಾ ಹಾಕಲಿಲ್ಲ. "ಅವನು ಯಾರಿಗೂ ಸೇರದೆ ಸತ್ತ. ನಾನೂ ಹಾಗೇ ಸಾಯ್ತೀನಿ ಬಿಡಿ" ಅಂದರು.

ತೊಂಬತ್ತೆಂಟರಲ್ಲಿ ಕಪಿತೊಲಿನಾ ಫ್ರೋಲೊವ್ನಾ ನಿವೃತ್ತರಾದರು. ಕಚೇರಿ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಆದರೂ ತಿಂಗಳಿಗೊಂದು ಸಲ ವೆರೆತ್ಯಾಗೆ ಹೋಗುವುದು ಬಿಡಲಿಲ್ಲ. ಭಾನುವಾರ ನನ್ನ ಸ್ವಂತ ಮೋಟಾರ್ ಸೈಕಲ್ಲಿನಲ್ಲಿ ಕರೆದೊಯ್ಯುತ್ತಿದ್ದೆ, ಪಕ್ಕಕ್ಕೆ ಜೋಡಿಸಿದ ತೊಟ್ಟಿಲಿನಂಥ ಸೀಟಿನಲ್ಲಿ ಮಂಡಿಗೆ ಕಂಬಳಿ ಸುತ್ತಿ ಕೂರಿಸಿಕೊಂಡು. ಮೂರು ವರ್ಷ ಉಲ್ಯಾನಾ ಇವರನ್ನು ಜಗಲಿ ದಾಟಿಸಲಿಲ್ಲ. ಇವರು ಜಗಲಿಯ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದರು. ಸಹಿ ಕೇಳುವುದನ್ನೂ ನಿಲ್ಲಿಸಿದ್ದರು.

ಒಂದು ಜೂನ್ ತಿಂಗಳು. ಸೊಳ್ಳೆ ಅಂದರೆ ಸೊಳ್ಳೆ. ಮೆಟ್ಟಿಲ ಮೇಲೆ ನಕ್ಷೆ ಹರವಿಕೊಂಡು, ಗಡಿ ಹಾದುಹೋಗುವ ಜಾಗದ ಹೆಸರುಗಳನ್ನು ಇವರು ನನಗೆ ಓದಿ ಹೇಳುತ್ತಿದ್ದರು, ಬರೆದುಕೋ ಅಂತ. "ಇಲ್ಲಿಂದ ಗಡಿ ಕುರುಡು ಹೊಂಡದ ಕಡೆ ತಿರುಗಿ..."

ಒಳಗಿಂದ ಸಿಡಿಲು ಬಡಿದ ಹಾಗೆ ದನಿ: "ಕುರುಡು ಹೊಂಡ ಅಂತೆ! ನಿಮ್ಮ ತಲೆ! ಬಾತುಕೋಳಿ ಹೊಂಡ ಅದು!"

ಇವರು ಮುಖ ಎತ್ತದೆ, "ನಕ್ಷೆಯಲ್ಲಿ ಹಾಗೇ ಇದೆ" ಅಂದರು.

"ನಕ್ಷೆ ಬರೆದೋರು ಯಾರು? ನೀನೇ ತಾನೇ?" ಉಲ್ಯಾನಾ ಬಾಗಿಲಿಗೇ ಬಂದುಬಿಟ್ಟರು, ಕೈಯಲ್ಲಿ ಸೌಟು. "ಅದರ ಪಕ್ಕದ್ದು ಮುದುಕಿಯ ಹುಲ್ಲುಗಾವಲು. ಅದಾದ ಮೇಲೆ ತೆರೆಂತಿ ಹುಲ್ಲು ಕುಯ್ತಿದ್ದ ಜಾಗ, ಅದಕ್ಕೆ ಹೆಸರಿಲ್ಲ. ಹಾಕು, ತೆರೆಂತಿ ಹುಲ್ಲುಗಾವಲು ಅಂತ ಹಾಕು!"

"ಎಲ್ಲಿ ಬರತ್ತೆ ತೋರಿಸ್ತೀರಾ?"

ತೋರಿಸಿದರು. ಅವತ್ತೇ. ಮುಂದೆ ಉಲ್ಯಾನಾ, ಹಿಂದೆ ಇವರು, ಅವರ ಹಿಂದೆ ಕೋಲು ಹಿಡಿದು ನಾನು. ಹಳೆಯ ಕವಲಿನ ದಂಡೆಯುದ್ದಕ್ಕೆ ಹನ್ನೊಂದು ಕಿಲೋಮೀಟರು. ಆ ಹೆಂಗಸು ಪ್ರತಿ ಬಂಡೆಗೆ, ಪ್ರತಿ ಒರತೆಗೆ ಹೆಸರು ಹೇಳುತ್ತಾ ಹೋದರು, ಇವರು ನಿಂತು ನಿಂತು ಬರೆದುಕೊಂಡರು. ತೆರೆಂತಿ ಹುಲ್ಲು ಕುಯ್ಯುತ್ತಿದ್ದಲ್ಲಿಗೆ ಬಂದಾಗ ಉಲ್ಯಾನಾ ನಿಂತರು. ಹುಲ್ಲು ಎದೆಯೆತ್ತರ ಬೆಳೆದಿತ್ತು. ಇಬ್ಬರೂ ಅಲ್ಲೇ ಕೂತರು. ನಾನು ದೂರ ಹೋಗಿ ಬೀಡಿ ಹಚ್ಚಿದೆ. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ವಾಪಸು ಬಂದ ಮೇಲೆ ಉಲ್ಯಾನಾ ನಮ್ಮನ್ನು ಒಳಗೆ ಕರೆದು ಮೀನಿನ ಕಡುಬು ಬಡಿಸಿದರು. ಆಮೇಲೆ ಕೈ ಒರೆಸಿಕೊಂಡು ಸಹಿ ಹಾಕಿದರು. ಎಷ್ಟು ಒತ್ತಿ ಹಾಕಿದರು ಅಂದರೆ ಕಾಗದ ತೂತಾಯಿತು.

ಬರುವಾಗ ದಾರಿಯಲ್ಲಿ ನಾನು ಕೇಳಿದೆ, "ಕಪಿತೊಲಿನಾ ಫ್ರೋಲೊವ್ನಾ, ನಿಮಗೆ ಆ ಹೊಂಡದ ಹೆಸರು ಗೊತ್ತಿತ್ತು ಅಲ್ವಾ? ಬೇಕಂತಲೇ ತಪ್ಪು ಓದಿದ್ರಿ."

"ರಸ್ತೆ ನೋಡಿ ಓಡಿಸು, ವೆನ್ಯಾ."

ಎರಡು ಸಾವಿರದ ನಾಲ್ಕರ ಶರತ್ಕಾಲದಲ್ಲಿ ಗಡಿ ತಿದ್ದುಪಡಿಯಾಯಿತು. ಎಂಟು ವರ್ಷ ಹಿಡಿಯಿತು. ತೆರೆಂತಿಯ ಮರಣಪತ್ರದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ "ವೆರೆತ್ಯಾ, ನೋಲ್ಮಾ ತಾಲ್ಲೂಕು" ಅಂತ ಬರೆದರು. ಮೊದಲ ಸಲ ಮಂಜು ತೆಗೆಯುವ ಯಂತ್ರ ಆ ಊರಿಗೆ ಬಂದ ದಿನ ಮುದುಕರೆಲ್ಲ ಬೀದಿಗೆ ಬಂದು ನೋಡಿದರಂತೆ.

ಆ ಚಳಿಗಾಲವೇ ಕಪಿತೊಲಿನಾ ಫ್ರೋಲೊವ್ನಾ ನಲ್ಲಿಯಲ್ಲಿ ಬಿಸಿನೀರು ಬರುವ ಇಲ್ಲಿಯ ಮನೆ ಬಿಟ್ಟು ವೆರೆತ್ಯಾದಲ್ಲಿ ಖಾಲಿ ಮನೆಯೊಂದಕ್ಕೆ ಹೋದರು, ಉಲ್ಯಾನಾ ಮನೆಯ ಎದುರಿಗೆ. ಹದಿಮೂರು ವರ್ಷ ಇಬ್ಬರೂ ಎದುರುಬದುರು. ಗೆಳತಿಯರಾ? ನಾನು ಹೇಳಲಾರೆ. ದಿನಾ ಜಗಳ. ಆಲೂಗಡ್ಡೆ ಯಾವಾಗ ಹೂಳಬೇಕು ಅಂತ ಜಗಳ. ಆದರೆ ಬೆಳಿಗ್ಗೆ ಒಬ್ಬರ ಚಿಮಣಿಯಿಂದ ಹೊಗೆ ಬರದಿದ್ದರೆ ಇನ್ನೊಬ್ಬರು ಬೂಟು ಹಾಕಿಕೊಂಡು ಓಡುತ್ತಿದ್ದರು. ಹದಿನೇಳನೇ ಇಸವಿಯಲ್ಲಿ ಒಂದು ಬೆಳಿಗ್ಗೆ ಉಲ್ಯಾನಾ ಮನೆಯಿಂದ ಹೊಗೆ ಬರಲಿಲ್ಲ.

ಅಲ್ಲಿಂದಾಚೆ ಇವರು ಸಣ್ಣಗಾಗುತ್ತಾ ಹೋದರು.

ಹೋದ ವರ್ಷ ಎರಡು ತಾಲ್ಲೂಕನ್ನೂ ಸೇರಿಸಿ ಒಂದು ಮಂಡಲ ಮಾಡಿದರಲ್ಲ — ಆ ಸುದ್ದಿ ಬಂದ ಪತ್ರಿಕೆಯನ್ನು ಇವರಿಗೆ ನಾನೇ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಓದಿದರು. "ಹಾಗಾದ್ರೆ ನಡುವಿನ ಗೆರೆ ಇಲ್ವಾ ಇನ್ನು?"

"ಇಲ್ಲ. ಒಂದೇ ಆಯ್ತು. ಒಳ್ಳೇದೇ ಅಲ್ವಾ? ಇನ್ನು ಆಂಬುಲೆನ್ಸಿಗೆ ತಕರಾರಿಲ್ಲ."

"ಒಳ್ಳೇದೇ" ಅಂದರು. ಕಿಟಕಿಯಾಚೆ ಎದುರು ಮನೆ ನೋಡಿದರು. ಬೀಗ ಹಾಕಿತ್ತು. "ಒಳ್ಳೇದೇ ವೆನ್ಯಾ. ಆದ್ರೆ ಅದರ ಮೇಲೆ ನಾವಿಬ್ರೂ ನಡೆದಿದ್ವಿ ಕಣಪ್ಪ. ಮುಂದೆ ಅವಳು, ಹಿಂದೆ ನಾನು. ಅವಳು ಒಂದು ಸಲಾನೂ ಹಿಂದೆ ತಿರುಗಿ ನೋಡ್ಲಿಲ್ಲ. ಒಂದೇ ಒಂದು ಸಲ ತಿರುಗಿ, 'ಬಂದ್ಯಾ?' ಅಂದಿದ್ರೆ ಸಾಕಿತ್ತು ನಂಗೆ. ಅದೊಂದು ಹಂಗೇ ಉಳ್ಕೊಂಡ್ಬಿಡ್ತು."

ಎಂಬತ್ತೊಂದು ವರ್ಷದ ಹೆಂಗಸು. ಅವತ್ತು ಸಂಜೆಯವರೆಗೂ ಅವರ ಜೊತೆ ಕೂತಿದ್ದೆ. ಚಹಾ ಆರಿಹೋಯಿತು.

ಮಾರ್ಚಿನಲ್ಲಿ ಹೋದರು. ಮೇಜಿನ ಮೇಲೆ ಒಂದು ಚೀಟಿ ಇತ್ತು: ವೆರೆತ್ಯಾ ಸ್ಮಶಾನದಲ್ಲಿ ಮಣ್ಣು ಮಾಡಿ, ಬೇಲಿಯ ಪಕ್ಕ ಎಲ್ಲಾದರೂ ಸರಿ, ಯಾರಿಗೂ ಅಡ್ಡವಾಗದ ಕಡೆ. ನಾವು ನಾಲ್ಕು ಜನ ಗಂಡಸರು ಹಾಗೆಯೇ ಬೇಲಿಯ ಪಕ್ಕ ಮಂಜು ಸರಿಸಿ, ಹೆಪ್ಪುಗಟ್ಟಿದ ನೆಲ ಕರಗಲಿ ಅಂತ ಸೌದೆ ಒಟ್ಟುತ್ತಿದ್ದೆವು. ಆಗ ಸ್ತೆಪನೀದಾ ಬಂದಳು. ತೆರೆಂತಿ–ಉಲ್ಯಾನಾ ಮಗಳು. ಇಲ್ಲೇ ಕೂತಿದ್ದಾಳೆ, ನೀವು ನೋಡುತ್ತಿದ್ದೀರಿ. ಅಪ್ಪ ಸತ್ತ ಮೇಲೆ ಕಪಿತೊಲಿನಾ ಫ್ರೋಲೊವ್ನಾ ಜೊತೆ ಈಕೆ ಒಂದು ಮಾತೂ ಆಡಿದವಳಲ್ಲ. ಇಪ್ಪತ್ತೊಂಬತ್ತು ವರ್ಷ. ಅಮ್ಮನನ್ನು ನೋಡಲು ಬಂದಾಗಲೂ ಎದುರು ಮನೆಯ ಕಡೆ ಬೆನ್ನು ಹಾಕಿ ನಡೆದವಳು.

ನಾವು ಕೈ ನಿಲ್ಲಿಸಿದೆವು. ಬೈಯುತ್ತಾಳೆ ಅಂದುಕೊಂಡೆ. ಅವಳು ಬೇಲಿ ನೋಡಿದಳು, ನಾವು ಒಟ್ಟಿದ ಸೌದೆ ನೋಡಿದಳು. ಆಮೇಲೆ ನನ್ನ ಕೈಯಿಂದ ಸನಿಕೆ ಕಿತ್ತುಕೊಂಡು ಅಪ್ಪ ಅಮ್ಮ ಇರುವ ಕಡೆಗೆ ಹೋಗಿ, ಅಮ್ಮನ ಪಕ್ಕದ ಮಂಜಿನಲ್ಲಿ ಅದನ್ನು ನೆಟ್ಟಳು.

"ಸೌದೆ ಇಲ್ಲಿಗೆ ತನ್ನಿ, ವೆನಿಯಾಮಿನ್ ಮಾವ. ಅಷ್ಟು ದೂರದಲ್ಲಿಟ್ರೆ ಜಗಳ ಆಡೋಕೆ ಇಬ್ರೂ ಕೂಗಬೇಕಾಗತ್ತೆ."

ನಾವು ಸೌದೆ ಅಲ್ಲಿಗೆ ಹೊತ್ತೆವು.

ಗೆಳೆಯರೇ — ನನ್ನ ಮಾತು ಮುಗಿಯಿತು. ಒಳಗೆ ಊಟಕ್ಕೆ ಕರೆಯುವ ಮೊದಲು ಎದ್ದು ನಿಲ್ಲೋಣ. ಗಂಡಸರು ಟೋಪಿ ತೆಗೆಯಿರಿ. ಸ್ತೆಪನೀದಾ, ನಿನ್ನ ಮಂಡಿ ನೋವು ನನಗೆ ಗೊತ್ತು, ನೀನು ಕೂತೇ ಇರಮ್ಮ... ಸರಿ, ನಿಂತಳು. ಒಂದು ನಿಮಿಷ, ಎಲ್ಲರೂ, ಮಾತಿಲ್ಲದೆ.